ಕರಿಬೇವಿನ ಕೊಲೆ ಮೊಕದ್ದಮೆ

ಅಮೆರಿಕಕ್ಕೆ ಬರುವ ಮೊದಲು ಬೆಂಗಳೂರಿನ ಹೈಕೋರ್ಟಿನಲ್ಲಿ ಒಂಬತ್ತು ವರ್ಷ ಕ್ರಿಮಿನಲ್ ಅಪೀಲು ನಡೆಸಿದವನು ನಾನು. ಕಣ್ಣಾರೆ ಕಂಡವರಿಲ್ಲದ ಕೊಲೆಯಲ್ಲಿ ಸಂದರ್ಭಗಳ ಸರಪಳಿಯ ಒಂದೊಂದು ಕೊಂಡಿಯೂ ಗಟ್ಟಿಯಾಗಿರಬೇಕು. ಒಂದು ಸಡಿಲವಾದರೂ ಆರೋಪಿ ಮನೆಗೆ ಹೋಗುತ್ತಾನೆ. ಆ ಸಡಿಲ ಕೊಂಡಿ ಹುಡುಕುವುದೇ ನನಗೆ ಅನ್ನ ಹಾಕುತ್ತಿತ್ತು. ಈಗ ಇಲ್ಲಿ ಪಾರ್ಸಿಪನಿ ಎಂಬ ಊರಿನ ಆಫೀಸೊಂದರಲ್ಲಿ ಕಂಪನಿಗಳ ಕರಾರುಪತ್ರ ಓದುತ್ತೇನೆ. ಅವುಗಳಲ್ಲಿ ಯಾರೂ ಸಾಯುವುದಿಲ್ಲ, ಅದೇ ಬೇಸರ.

ಕೊಲೆ ನಡೆದದ್ದು ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆಯಲ್ಲೇ. ಹಿಂದಿನ ಬೀದಿಯ ಮೈಸೂರಿನ ಆಂಟಿ ಉಮ್ರಾ ಯಾತ್ರೆಗೆ, ಅಲ್ಲಿಂದ ಊರಿಗೆ ಹೊರಟಾಗ, ತಮ್ಮ ಹನ್ನೆರಡು ವರ್ಷದ ಕರಿಬೇವಿನ ಕುಂಡವನ್ನು ನಮಗೆ ಒಪ್ಪಿಸಿದ್ದರು. ಚಳಿ ಪೂರ್ತಿ ಮುಗಿಯುವವರೆಗೆ ಒಳಗೇ ಇರಲಿ ಎಂದಿದ್ದರು. ನನ್ನ ಹೆಂಡತಿಗೆ ಬಾಣಂತನ ಮಾಡಿದ್ದು ಇದೇ ಆಂಟಿ. ನಲವತ್ತು ದಿನ ಹಿಮದಲ್ಲಿ ನಡೆದು ಬಂದು, ಇದೇ ಗಿಡದ ಎಲೆ ಹಾಕಿ ಸಾರು ಮಾಡಿಕೊಟ್ಟಿದ್ದರು.

ಮಾರ್ಚಿನ ಸುಳ್ಳು ಬಿಸಿಲಿಗೆ ಮರುಳಾಗಿ ನಾನು ಕುಂಡವನ್ನು ಮನೆಯ ಹಿಂದಿನ ಮರದ ಜಗಲಿ, ಅಂದರೆ ಡೆಕ್ ಮೇಲಿಟ್ಟು ಮರೆತೆ. ರಾತ್ರಿ ಇಬ್ಬನಿಯೂ ಹೆಪ್ಪುಗಟ್ಟುವಂಥ ಫ್ರಾಸ್ಟ್ ಬಿತ್ತು. ಬೆಳಿಗ್ಗೆ ಎಲೆಗಳೆಲ್ಲ ಕಪ್ಪಾಗಿದ್ದವು. ಹೆಂಡತಿ ಬಾಸ್ಟನ್ನಿನ ಅಕ್ಕನ ಮನೆಗೆ ಹೋಗಿದ್ದಳು. ಎಲೆಗಳನ್ನು ಕಿತ್ತು ಕಸಕ್ಕೆ ಹಾಕಿ, ಕುಂಡವನ್ನು ಒಳಗೆ ಮೊದಲಿನ ಜಾಗದಲ್ಲೇ ಇಟ್ಟೆ. ಸಾಕ್ಷ್ಯನಾಶ ನನಗೇನು ಹೊಸದಲ್ಲ, ಕೇಸುಗಳಲ್ಲಿ ಬೇಕಾದಷ್ಟು ಓದಿದ್ದೆ.

ಕರಿಬೇವಿಗೆ ಹುಳಿ ಮಜ್ಜಿಗೆ ಸುರಿಯುವುದು ನಮ್ಮವರ ಪದ್ಧತಿ. ವಾಪಸು ಬಂದು ಬೋಳು ಗಿಡ ನೋಡಿದ ಹೆಂಡತಿ, ಅದು ಹೆಚ್ಚಾಗಿ ತಾನೇ ಕೊಂದೆ ಎಂದು ನಂಬಿಬಿಟ್ಟಳು. ಈ ದೇಶದಲ್ಲಿ ತನಗಿರುವ ಒಬ್ಬರೇ ತಾಯಿಗೆ ಯಾವ ಮುಖ ತೋರಿಸಲಿ ಎಂದು ಮೂರು ವಾರ ಅತ್ತಳು. ನಾನು ಟಿಶ್ಯೂ ಕೊಟ್ಟೆ, ಕಾಫಿ ಮಾಡಿಕೊಟ್ಟೆ, ನಿಜವೊಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟೆ. ನೆನೆದರೆ ನಾಚಿಕೆಯಾಗುತ್ತದೆ.

ಆಂಟಿ ಬಂದರು. ಹೆಂಡತಿ ಅಳುತ್ತಲೇ ತಪ್ಪೊಪ್ಪಿಕೊಂಡಳು. ನನಗೆ ತಡೆಯಲಾಗಲಿಲ್ಲ, ಹಳೆಯ ವಕೀಲ ಎದ್ದು ನಿಂತ. ಹೇಗಾದರೂ ಇವಳನ್ನು ಬಿಡಿಸಬೇಕು.

“ಮಜ್ಜಿಗೆ ಜಾಸ್ತಿಯಾದ್ರೆ ಎಲೆ ಹಳದಿಯಾಗಿ ನಿಧಾನಕ್ಕೆ ಉದುರುತ್ತೆ, ಆಂಟಿ. ಇದರ ಎಲೆ ಒಂದೇ ದಿನದಲ್ಲಿ ಕಪ್ಪಾಗಿತ್ತು.”

ಹೆಂಡತಿ ಕಣ್ಣೊರೆಸಿಕೊಂಡಳು. “ನಾನು ಬಂದಾಗ ಎಲೆನೇ ಇರ್ಲಿಲ್ಲ. ಕಪ್ಪಾಗಿತ್ತು ಅಂತ ನಿಮಗೆ ಹೇಗೆ ಗೊತ್ತು?”

ಕೊಂದವನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ತಾವಾಗಿ ಬಾಯಿಬಿಟ್ಟು ಜೈಲು ಸೇರಿದ ಕಕ್ಷಿದಾರರನ್ನು ಪೆದ್ದರೆಂದು ಬೈದವನು ನಾನು. ಇಲ್ಲಿ ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಆದರೂ ಹೆಗಲು ಮುಟ್ಟಿ ನೋಡಿಕೊಂಡಿದ್ದೆ. ಡೆಕ್ಕು, ಫ್ರಾಸ್ಟು, ಕಸದ ಡಬ್ಬ, ಎಲ್ಲವನ್ನೂ ಒಪ್ಪಿಕೊಂಡೆ.

ಆಂಟಿ ಬಾಗಿ ಕಾಂಡದ ಬುಡವನ್ನು ಉಗುರಿನಿಂದ ಕೆರೆದರು. ಸಿಪ್ಪೆಯಡಿ ಹಸಿರಿತ್ತು. “ಸತ್ತಿಲ್ಲಪ್ಪ, ಚಿಗುರುತ್ತೆ,” ಅಂದರು.

ಸತ್ತೇ ಇಲ್ಲದ ಮೇಲೆ ಕೊಲೆ ಎಲ್ಲಿಯದು? ಖುಷಿಯಿಂದ ಹೆಂಡತಿಯ ಕಡೆ ತಿರುಗಿದೆ. ಅವಳು ಗಿಡವನ್ನು ನೋಡುತ್ತಿರಲಿಲ್ಲ.

“ಮೂರು ವಾರ ನಾನು ಅಳೋದನ್ನ ನೋಡ್ತಾ ಕೂತಿದ್ರಲ್ಲ,” ಅಂದಳು.

ಕೊಲೆಯ ಆರೋಪ ಬಿದ್ದುಹೋಯಿತು. ದ್ರೋಹದ ಆರೋಪ ಸಾಬೀತಾಯಿತು, ಅದರ ಮೇಲೆ ಅಪೀಲು ಹಾಕುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.