ಸಸ್ಯಾಹಾರಿ ಮಿಲಿಟರಿ ಹೋಟೆಲು

ಮಾಂಸದ ಸಾರಿನ ವಾಸನೆ ಬಂದರೆ ನನಗೆ ಉಪ್ಪಿಟ್ಟು ನೆನಪಾಗುತ್ತದೆ. ಇದನ್ನು ಹೇಳಿದರೆ ಕೇಳಿದವರು ವಯಸ್ಸಿನ ದೋಷವೆಂದುಕೊಳ್ಳುತ್ತಾರೆ. ವಯಸ್ಸು ಎಂಬತ್ತು ದಾಟಿರುವುದು ನಿಜ. ಆದರೆ ಈ ದೋಷ ನನಗೆ ಇಪ್ಪತ್ತೆರಡರಲ್ಲೇ ಅಂಟಿದ್ದು.

ಹೋದ ಭಾನುವಾರ ತರೀಕೆರೆಯಲ್ಲೊಂದು ಗೃಹಪ್ರವೇಶ ಮುಗಿಸಿಕೊಂಡು ಬರುತ್ತಿದ್ದೆ. ಅಲ್ಲಿಯ ಪಾಯಸದ ಊಟ ಕಾರು ಓಡಿಸುವ ಮಂಜನಿಗೆ ಊಟ ಅನ್ನಿಸಿರಲಿಲ್ಲ. ಕಡೂರು ಹತ್ತಿರವಾದಾಗ ರಸ್ತೆ ಬದಿಯಲ್ಲಿ ಕೆಂಪು ಅಕ್ಷರದ ‘ಮಿಲಿಟರಿ ಹೋಟೆಲ್’ ಬೋರ್ಡು ಕಂಡಿತು. ಕಾರು ತಾನಾಗಿಯೇ ನಿಧಾನವಾಯಿತು. “ಸಾರ್, ಹತ್ತೇ ನಿಮಿಷ” ಅಂದ.

ಹತ್ತು ನಿಮಿಷದಲ್ಲಿ ಆಗುವ ಕೆಲಸವಾಗಿರಲಿಲ್ಲ. ಬಾಗಿಲಲ್ಲೇ ಇಪ್ಪತ್ತು ಜನ ನಿಂತಿದ್ದರು. ಹೋಟೆಲಿನ ಯಜಮಾನಿ ಇರಬೇಕು, ಒಬ್ಬ ಹೆಂಗಸು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದಳು. “ಜಾಗ ಇಲ್ಲ ಕಣಣ್ಣ. ಹೆಸ್ರು, ಊರು ಹೇಳಿ ಕೂತ್ಕಳಿ. ಜಾಗ ಆದಾಗ ಕೂಗ್ತೀವಿ.”

“ಮಂಜುನಾಥ, ಬೀರೂರು” ಅಂದ ಮಂಜ ನನ್ನ ಕಡೆ ತಿರುಗಿದ. “ನಿಮ್ಮ ಹೆಸ್ರೂ ಬರ್ಸ್ಲಾ ಸಾರ್?”

“ಬೇಡಪ್ಪ. ನಾನು ತಿನ್ನೋನಲ್ಲ.”

ಹೊರಗೆ ಹಾಕಿದ್ದ ಕುರ್ಚಿಯಲ್ಲಿ ಕೂತೆ. ಒಳಗಿನಿಂದ ಸಾರಿನ ವಾಸನೆ ಬಂತು. ಅದರ ಹಿಂದೆಯೇ, ನೀವು ನಂಬಿದರೆ ನಂಬಿ, ರುದ್ರಪ್ಪ ಮಾವನ ಉಪ್ಪಿಟ್ಟು ಬಂತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ಹೇಳಬೇಕು. ಹಳೇ ಮೈಸೂರಿನಲ್ಲಿ ಮಿಲಿಟರಿ ಹೋಟೆಲೆಂದರೆ ಮುದ್ದೆ, ಮಾಂಸದ ಸಾರು, ತಲೆ, ಕಾಲು. ಅಲ್ಲಿ ಸಿಪಾಯಿಗಳು ಇರಬೇಕಾಗಿಲ್ಲ. ಈ ಹೆಸರು ಯಾಕೆ ಬಂತೆಂಬುದಕ್ಕೆ ಮೂರು ವಿವರಣೆ ಕೇಳಿದ್ದೇನೆ. ಮೂರನ್ನೂ ಖಚಿತಪಡಿಸಿಕೊಳ್ಳಲು ಆಗಿಲ್ಲವಾದ್ದರಿಂದ ಬರೆಯುವುದಿಲ್ಲ. ಪತ್ರಿಕೆಯಲ್ಲಿ ನಲವತ್ತು ವರ್ಷ ದುಡಿದವನ ಚಾಳಿ ಇದು. ಈ ಚಾಳಿಯ ಬಗ್ಗೆ ಹೆಮ್ಮೆ ಪಡುತ್ತಿದ್ದೆ. ಅದರಿಂದ ಆದ ಒಂದು ಅನ್ಯಾಯವನ್ನೂ ಹೇಳಬೇಕಾಗಿದೆ.

ರುದ್ರಪ್ಪ ಮಾವ ನನ್ನ ತಾಯಿಯ ತಮ್ಮ. ಬುಕ್ಕಾಂಬುಧಿಯವನು. ಹದಿನೆಂಟನೆಯ ವಯಸ್ಸಿನಲ್ಲಿ ಮನೆಯಲ್ಲಿ ಹೇಳದೆ ಸೈನ್ಯ ಸೇರಿ, ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ಪಡೆಯಲ್ಲಿ ಬರ್ಮಾ ಗಡಿಯವರೆಗೆ ಹೋಗಿದ್ದ. ಯುದ್ಧ ಮುಗಿದ ಮೇಲೆ ವಾಪಸು ಬಂದು, ಐವತ್ತರ ದಶಕದ ಶುರುವಿನಲ್ಲಿ ಕಡೂರಿನ ರೈಲ್ವೆ ಸ್ಟೇಷನ್ನಿನ ಎದುರು ಒಂದು ಹೋಟೆಲು ಇಟ್ಟ. ಉಪ್ಪಿಟ್ಟು, ಇಡ್ಲಿ, ಕಾಫಿ. ಅಷ್ಟೇ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆತನ. ಸೈನ್ಯದಲ್ಲಿ ಇದ್ದಷ್ಟು ವರ್ಷವೂ ಬೇಳೆ ರೊಟ್ಟಿಯಲ್ಲೇ ಕಳೆದೆನೆಂದು ಅಕ್ಕನ ಮುಂದೆ ಆಣೆ ಮಾಡಿದ್ದ. ಅಂಥವನು ಬೋರ್ಡಿನ ಮೇಲೆ ಬರೆಸಿದ್ದು ‘ಮಿಲಿಟರಿ ಹೋಟೆಲ್’ ಎಂದು.

ಫಲ ಏನಾಯಿತೆಂದು ನೀವು ಊಹಿಸಬಹುದು. ಉಪ್ಪಿಟ್ಟು ತಿನ್ನುವವರು ಬೋರ್ಡು ನೋಡಿ ಎದುರು ಬದಿಯಿಂದ ಹಾದು ಹೋಗುತ್ತಿದ್ದರು. ಬಾಯಲ್ಲಿ ನೀರೂರಿಸಿಕೊಂಡು ಒಳಗೆ ಬಂದವರಿಗೆ ಉಪ್ಪಿಟ್ಟು ಸಿಗುತ್ತಿತ್ತು.

“ಏನ್ರೀ ಇದು? ಬೋಟಿ ಇಲ್ವಾ?”

“ಇಲ್ಲ ಸ್ವಾಮಿ. ಬಿಸಿ ಉಪ್ಪಿಟ್ಟೈತೆ.”

“ಉಪ್ಪಿಟ್ಟು ತಿಂದು ಯಾವ ಯುದ್ಧ ಗೆದ್ರಿ ನೀವು?”

ಮಾವ ನಗುತ್ತಿದ್ದ. ಬೋರ್ಡು ಬದಲಿಸೆಂದು ನನ್ನ ತಾಯಿ ಅಂಗಲಾಚಿದಳು. “ಬಸವಣ್ಣನ ಹೆಸರಿಡೋ. ನಮ್ಮಪ್ಪನ ಹೆಸರಿಡೋ. ಜಾತಿ ಕೆಟ್ಟ ಅಂತಾರೆ ಜನ.” ಕೊನೆಗೆ ಅಕ್ಕನ ಕಾಟ ತಡೆಯಲಾರದೆ ಒಂದು ರಾಜಿಗೆ ಒಪ್ಪಿದ. ಪೇಂಟರನನ್ನು ಕರೆಸಿ ಮೇಲೆ ಒಂದು ಸಾಲು ಸೇರಿಸಿದ. ಬೋರ್ಡು ‘ಶುದ್ಧ ಸಸ್ಯಾಹಾರಿ ಮಿಲಿಟರಿ ಹೋಟೆಲ್’ ಎಂದಾಯಿತು.

ಈಗ ಎರಡೂ ಕಡೆಯವರು ಬರುವುದನ್ನು ನಿಲ್ಲಿಸಿದರು.

ಪೂರ್ತಿ ನಿಲ್ಲಿಸಿದರೆಂದರೆ ವರದಿ ತಪ್ಪಾಗುತ್ತದೆ. ರೈಲಿಗೆ ಬರುವವರು ಬರುತ್ತಿದ್ದರು. ಸೈನ್ಯದಿಂದ ರಜೆಗೆ ಬಂದವರಂತೂ ಮನೆಗೆ ಹೋಗುವ ಮುಂಚೆ ಇಲ್ಲಿಗೇ ಬರುತ್ತಿದ್ದರು. ಅವರು ಕೇಳುವ ಮುಂಚೆಯೇ ಎರಡನೇ ಲೋಟ ಕಾಫಿ ಮುಂದಿರುತ್ತಿತ್ತು. ಅಜ್ಜಂಪುರದ ಡ್ರಿಲ್ ಮೇಷ್ಟರೊಬ್ಬರು, ಅವರೂ ಹಳೇ ಸಿಪಾಯಿ, ತಿಂಗಳಿಗೊಮ್ಮೆ ರೈಲು ಹತ್ತಿ ಬಂದು ಮಾವನ ಎದುರು ಕೂರುತ್ತಿದ್ದರು. ಲೋಟಗಳು ಸಾಲು ತಪ್ಪಿದ್ದರೆ ಇಬ್ಬರಲ್ಲೊಬ್ಬರು ಎದ್ದು ಸರಿಮಾಡುತ್ತಿದ್ದರು.

ನಾನು ಆಗ ಕಡೂರಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕೆರೆ ಕೋಡಿ ಬಿದ್ದದ್ದು, ಅಮಲ್ದಾರರು ವರ್ಗವಾದದ್ದು, ಎಮ್ಮೆ ಕಳುವಾದದ್ದು. ಮೂರು ಸಾಲು ಬಂದರೆ ಮೂರು ದಿನ ಎದೆಯುಬ್ಬಿಸಿ ನಡೆಯುವ ವಯಸ್ಸು. ಒಂದು ದಿನ ಬೇರೆ ಸುದ್ದಿ ಸಿಗದೆ ಮಾವನ ಬೋರ್ಡನ್ನೇ ಬರೆದು ಕಳಿಸಿದೆ. ಹೋಟೆಲಿಗೆ ಬಂದವರ ಸಂಭಾಷಣೆಯನ್ನೂ ಸೇರಿಸಿದೆ. ಅದು ಸುತ್ತಲೂ ಗೆರೆ ಹಾಕಿಸಿಕೊಂಡು, ‘ಉಪ್ಪಿಟ್ಟಿನ ಮಿಲಿಟರಿ’ ಎಂಬ ತಲೆಬರಹದೊಂದಿಗೆ ಬಂತು. ಊರೆಲ್ಲ ಓದಿ ನಕ್ಕಿತು. ನಾನೇ ಪತ್ರಿಕೆ ಹಿಡಿದುಕೊಂಡು ಮಾವನ ಹತ್ತಿರ ಓಡಿದೆ.

ಮಾವ ಬೆರಳಿಟ್ಟು ಒಂದೊಂದೇ ಸಾಲು ಓದಿದ. ಪತ್ರಿಕೆಯನ್ನು ಸಿಪಾಯಿ ಕಂಬಳಿ ಮಡಿಸುವಂತೆ ಅಂಚಿಗೆ ಅಂಚು ಸೇರಿಸಿ ಮಡಿಸಿದ.

“ಊರು ಸರಿಯಾಗೈತೆ. ಬೀದಿ ಸರಿಯಾಗೈತೆ. ಉಪ್ಪಿಟ್ಟೂ ಸರಿ. ಅಲ್ಲ ಕಣೋ ಅಳಿಯ, ಆ ಹೆಸ್ರು ಯಾಕಿಟ್ಟೆ ಅಂತ ನನ್ನ ಒಂದು ಮಾತು ಕೇಳ್ದೇನೋ?”

ಕೇಳಿರಲಿಲ್ಲ. ಸುದ್ದಿಗಾರ ಕೇಳಬೇಕಾದ ಮೊದಲ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಆವತ್ತು ಮಾವ ತಿಮ್ಮಯ್ಯನ ವಿಷಯ ಹೇಳಿದ. ತಿಮ್ಮಯ್ಯ ಎಮ್ಮೆದೊಡ್ಡಿಯವನು. ಅಮೃತಮಹಲ್ ದನಗಳು ಮೇಯುವ ಕಾವಲಿನಲ್ಲಿ ಬೆಳೆದವನು. ಹಿಂದೆ ಆ ಎತ್ತುಗಳು ಫಿರಂಗಿ ಎಳೆದಿದ್ದವಂತೆ. “ನಮ್ಮೂರ ಎತ್ತೇ ಮಿಲ್ಟ್ರಿಗೆ ಹೋಗಿತ್ತು, ನಾನು ಹೋಗ್ಬಾರ್ದಾ?” ಎಂದು ಹೊರಟವನು. ಅವನು ಹೇಸರಗತ್ತೆಗಳೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದ. ಪಂಜಾಬಿನ ಹವಾಲ್ದಾರನೂ ಅವುಗಳನ್ನು “ಬಾರವ್ವ, ಬಾರವ್ವ” ಎಂದು ಕರೆಯುವುದನ್ನು ಕಲಿತಿದ್ದನಂತೆ. ಇಡೀ ಪಡೆಯಲ್ಲಿ ಕಡೂರು ತಾಲೂಕಿನ ಭಾಷೆ ಬಲ್ಲವರು ಇವರಿಬ್ಬರೇ. ಹೋಟೆಲು ಅವನ ಯೋಚನೆ.

“ಸ್ಟೇಷನ್ ಎದುರ್ಗೇ ಇಡನ ಅಂತಿದ್ದ. ನಾನು ಬಾಡು ಮಾಡ್ತೀನಿ, ನೀನು ನಿನ್ನ ಪುಳ್ಚಾರು ಮಾಡ್ಕ. ಬೋರ್ಡ್ ಮಾತ್ರ ಮಿಲ್ಟ್ರಿ ಹೋಟ್ಲು ಅಂತ್ಲೇ ಹಾಕ್ಬೇಕು. ಯಾರು ಮೊದ್ಲು ಊರಿಗೆ ಹೋಗ್ತೀವೋ ಅವ್ರು ಹಾಕ್ಬೇಕು. ಹಿಂದಿಂದ ಬಂದೋನು ರೈಲಿಳಿದು ಯಾರ್ನೂ ಕೇಳ್ದಂಗೆ ಬಂದ್ಬಿಡ್ಬೇಕು ಅಂತಿದ್ದ.”

“ಬರಲಿಲ್ವಾ?”

“ಕಾಡಲ್ಲಿ ಕೂಗಿದ್ರೆ ವೈರಿಗೆ ಗೊತ್ತಾಗ್ತದೆ ಅಂತ ಆ ಹೇಸರಗತ್ತೆಗಳ ಗಂಟ್ಲು ಕೊಯ್ದು ದನಿ ತೆಗ್ದಿದ್ರು ಕಣೋ. ಹೊಳೆ ದಾಟ್ವಾಗ ಒಂದು ಹಿಂದೆ ಉಳ್ಕಂಡ್ಬಿಡ್ತು. ದನಿ ಇದ್ದಿದ್ರೆ ಕೂಗಿರೋದು, ಎಲ್ಲೈತೆ ಅಂತ ಗೊತ್ತಾಗಿರೋದು. ಹುಡುಕ್ಕಂಡ್ ಬತ್ತೀನಿ ಅಂತ ಹೋದ. ಸತ್ತಿದ್ದು ನೋಡಿದೋರು ಯಾರೂ ಇಲ್ಲ. ಪತ್ತೆ ಇಲ್ಲ ಅಂತ ಬರ್ಕಂಡ್ರು.”

ಮಾವ ಎದ್ದು ಹೋಗಿ ಲೋಟಗಳ ಸಾಲು ಸರಿಮಾಡಿದ. ಅವು ಸರಿಯಾಗಿಯೇ ಇದ್ದವು.

ಸ್ವಲ್ಪ ದಿನಕ್ಕೆ ಚೀನಾದೊಂದಿಗೆ ಯುದ್ಧ ಬಂತು. ಅದುವರೆಗೆ ಸಿಪಾಯಿಗಳಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಊರು ಇದ್ದಕ್ಕಿದ್ದಂತೆ ಅವರನ್ನು ನೆನೆಸಿಕೊಂಡಿತು. ಹೆಂಗಸರು ಉಲ್ಲನ್ ಸ್ವೆಟರ್ ಹೆಣೆದರು. ಊರ ಹಿರಿಯರು ಕಡೂರಿನಲ್ಲೊಂದು ಸಭೆ ಮಾಡಿ, ಸುತ್ತಲಿನ ಹಳೇ ಸಿಪಾಯಿಗಳಿಗೆಲ್ಲ ಶಾಲು ಹೊದಿಸಲು ಗೊತ್ತುಮಾಡಿದರು. ಹೆಸರಿನ ಪಟ್ಟಿ ಮಾಡುವ ಕೆಲಸ ನನಗೆ ಬಂತು.

ಮಾವ ಕೇಳಿದ್ದು ಒಂದೇ. “ತಿಮ್ಮಯ್ಯನ ಹೆಸ್ರು ಸೇರ್ಸು.”

“ಬಂದು ಶಾಲು ತಗೊಳ್ಳೋರ ಹೆಸರು ಮಾತ್ರ ಮಾವ.”

“ಬತ್ತಾನೋ ಇಲ್ವೋ ನಿಂಗೇನ್ ಗೊತ್ತು?”

“ಅದಕ್ಕೇ. ಗೊತ್ತಿಲ್ಲದ್ದನ್ನ ಬರೆಯೋ ಹಾಗಿಲ್ಲ.” ಎಷ್ಟು ಸರಿಯಾದ ಮಾತು! ಹೇಳಿದಾಗ ನನಗೇ ಮೆಚ್ಚುಗೆಯಾಗಿತ್ತು.

ಸಭೆಯಲ್ಲಿ ಮಾವನ ಹೆಸರು ಕರೆದರು. ಹೋದ, ಶಾಲು ಹೊದಿಸಿಕೊಂಡ, ಸೆಲ್ಯೂಟ್ ಹೊಡೆದ. ಕೆಳಗಿಳಿದವನು ತನ್ನ ಜಾಗಕ್ಕೆ ಹೋಗದೆ ಮತ್ತೆ ಸಾಲಿನ ಕೊನೆಯಲ್ಲಿ ನಿಂತ. ಸಾಲು ಕರಗಿತು. ವೇದಿಕೆಯ ಮುಂದೆ ಅವನೊಬ್ಬನೇ ಉಳಿದ.

“ನಿಮ್ದು ಆಯ್ತಲ್ಲ ರುದ್ರಪ್ನೋರೆ” ಅಂದರು ಹೆಸರು ಕೂಗುತ್ತಿದ್ದವರು.

“ನಂದು ಆಯ್ತು. ಎಮ್ಮೆದೊಡ್ಡಿ ತಿಮ್ಮಯ್ಯಂದು ಇನ್ನೂ ಕೂಗ್ಲಿಲ್ಲ.”

ಪಟ್ಟಿ ನೋಡಿದರು. ನನ್ನ ಕಡೆ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ, “ಉಪ್ಪಿಟ್ಟಿನ ಮಿಲ್ಟ್ರಿಗೆ ಎರಡು ಶಾಲು ಬೇಕಂತೆ ಕಣ್ರೋ!” ಎಂದು ಕೂಗಿದರು. ಸಭೆ ಗೊಳ್ಳೆಂದು ನಕ್ಕಿತು. ಆ ಹೆಸರು ಊರಿನ ಬಾಯಿಗೆ ಕೊಟ್ಟವನು ನಾನು. ಮಾವ ಇನ್ನೂ ಸ್ವಲ್ಪ ಹೊತ್ತು ನೆಟ್ಟಗೆ ನಿಂತಿದ್ದು, ತಾನೇ ಹಿಂದಕ್ಕೆ ತಿರುಗಿ, ಕವಾಯತಿನ ಹೆಜ್ಜೆ ತಪ್ಪದಂತೆ ನಡೆದು ಹೋದ.

ಮಾರನೆಯ ಬೆಳಿಗ್ಗೆ ನಾನು ಹೋದಾಗ ಮಾವ ಸಿಟ್ಟು ಮಾಡಲಿಲ್ಲ. “ಸಭೇಲಿ ಆಗ್ಲಿಲ್ಲ, ಹೋಗ್ಲಿ. ಪೇಪರ್‌ನಲ್ಲಿ ಹಾಕ್ಸು. ತಿಮ್ಮಯ್ಯ, ಎಮ್ಮೆದೊಡ್ಡಿ. ಹೋಟ್ಲು ಸ್ಟೇಷನ್ ಎದುರ್ಗೇ ಐತೆ ಅಂತ. ಎಲ್ಲಾದ್ರೂ ಓದಿದ್ರೆ ಬತ್ತಾನೆ.” ಆಗಲಿ ಎಂದೆ. ನಾಲ್ಕು ಸಾಲು ಬರೆದೂ ಇಟ್ಟೆ. ಯಾವ ಆಧಾರ? ಯಾರ ಹೇಳಿಕೆ? ಹದಿನೆಂಟು ವರ್ಷದ ಹಿಂದಿನ ಮಾತು ಸುದ್ದಿ ಹೇಗಾಗುತ್ತದೆ? ಕಳಿಸಲಿಲ್ಲ. ಒಂದು ವಾರವಾದ ಮೇಲೆ ಮಾವ ಕೇಳಿದಾಗ ಸುಳ್ಳು ಹೇಳಿದೆ: “ಕಳಿಸಿದ್ದೆ ಮಾವ. ಜಾಗ ಇಲ್ಲ ಅಂತ ಬಿಟ್ಟಿದ್ದಾರೆ.”

“ಜಾಗ ಇಲ್ದಿದ್ರೆ ಅವ್ರಾದ್ರೂ ಏನ್ ಮಾಡ್ತಾರೆ ಪಾಪ” ಅಂದ. “ಆದಾಗ ಹಾಕ್ತಾರೆ ಬಿಡು.”

ಅಲ್ಲಿಂದ ದಿನವೂ ರೈಲಿನಲ್ಲಿ ಪತ್ರಿಕೆ ಬಂದ ಕೂಡಲೇ ಮಾವ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದ. ಬೆರಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹೋಗುತ್ತಿತ್ತು. ಆಮೇಲೆ ಅಂಚಿಗೆ ಅಂಚು ಸೇರಿಸಿ ಮಡಿಸುತ್ತಿದ್ದ. ನಾನು ಅದನ್ನು ನೋಡಲಾರದೆ ಆ ಹೊತ್ತಿಗೆ ಅತ್ತ ಹೋಗುವುದನ್ನು ಬಿಟ್ಟೆ. ಮುಂದೆ ಪತ್ರಿಕೆಯ ಕಚೇರಿಯಲ್ಲೇ ಕೆಲಸ ಸಿಕ್ಕಿ ಊರೂ ಬಿಟ್ಟೆ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮಾವ ಹಾಸಿಗೆ ಹಿಡಿದ. ನೋಡಲು ಹೋದಾಗ ಕೈ ಹಿಡಿದುಕೊಂಡು ಕೇಳಿದ: “ನಿಮ್ಮ ಪೇಪರ್‌ನಲ್ಲಿ ಜಾಗ ಆಯ್ತೇನೋ ಅಳಿಯ?”

ಎಷ್ಟು ಜಾಗವಿತ್ತು! ಮುಂದಿನ ವರ್ಷಗಳಲ್ಲಿ ನಾನೇ ಕೂತು ಪುಟ ತುಂಬಿಸಿದ್ದೇನೆ. ಕೆಳಗೆ ಎರಡು ಇಂಚು ಖಾಲಿ ಉಳಿದರೆ ಹಲ್ಲುಪುಡಿಯ ಜಾಹೀರಾತು ಹುಡುಕಿ ಹಾಕಿದ್ದೇನೆ. ಆಗೆಲ್ಲ ಆ ನಾಲ್ಕು ಸಾಲು ನೆನಪಾಗುತ್ತಿತ್ತು. ಈಗ ಯಾರಿಗಾಗಿ ಎಂದು ಸುಮ್ಮನಾಗುತ್ತಿದ್ದೆ. ಓದಿ ಬರಬೇಕಾದ ತಿಮ್ಮಯ್ಯನ ಪತ್ತೆಯಿಲ್ಲ, ಅಚ್ಚಾದದ್ದನ್ನು ಬೆರಳಿಟ್ಟು ಓದಬೇಕಾದ ಮಾವನೂ ಹೋಗಿಬಿಟ್ಟಿದ್ದ.

“ಮಂಜುನಾಥ, ಬೀರೂರು!” ಒಳಗಿನಿಂದ ಕೂಗಿದರು. ಮಂಜ ಎದ್ದು ಓಡಿದ.

ನಾನೂ ಎದ್ದೆ. ಬಾಗಿಲ ಹತ್ತಿರ ಹೋಗಿ ಆ ಹೆಂಗಸನ್ನು ಕೇಳಿದೆ: “ಕಾಫಿ ಸಿಗುತ್ತಾ ತಾಯಿ?”

“ಸಿಕ್ತದೆ. ಒಳಗೆ ಜಾಗ ಆಗ್ಲಿ ಅಜ್ಜ, ಕೂಗ್ತೀವಿ. ಹೆಸ್ರು?”

ಪೆನ್ನು ಕಾಗದದ ಮೇಲಿತ್ತು. ನಲವತ್ತು ವರ್ಷ ಒಂದು ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಪುಟ ನಿಲ್ಲಿಸಿದವನು ನಾನು.

“ತಿಮ್ಮಯ್ಯ,” ಎಂದೆ. “ಎಮ್ಮೆದೊಡ್ಡಿ.”

ಅವಳು ಆಧಾರ ಕೇಳಲಿಲ್ಲ. ಬರೆದುಕೊಂಡಳು. ಬರೆದದ್ದನ್ನು ಬಗ್ಗಿ ನೋಡಿದೆ. ತಪ್ಪಿರಲಿಲ್ಲ. ಹೋಗಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಬಿಸಿಲು ಪಾದದವರೆಗೆ ಬಂತು. ರೈಲೊಂದು ಸ್ಟೇಷನ್ನಿನ ಕಡೆ ಹೋದ ಸದ್ದು ಕೇಳಿಸಿತು. ಇನ್ನೂ ಐದಾರು ಹೆಸರುಗಳಾದ ಮೇಲೆ ಅವಳು ಬಾಗಿಲಿಗೆ ಬಂದು, ರಸ್ತೆಯವರೆಗೂ ಕೇಳುವಂತೆ ಗಟ್ಟಿಯಾಗಿ ಕೂಗಿದಳು:

“ತಿಮ್ಮಯ್ಯ, ಎಮ್ಮೆದೊಡ್ಡಿ! ಎಲ್ಲಿದ್ದೀರಾ? ಜಾಗ ಆಯ್ತು, ಬನ್ನಿ!”

ಒಂದು ಕ್ಷಣ ನಾನು ಏಳಲಿಲ್ಲ. ಬೇರೆ ಯಾರಾದರೂ ಏಳುತ್ತಾರೋ ಎಂದು ಸುತ್ತ ನೋಡಿದೆ.