ವಾಚ್‌ಮ್ಯಾನನ ಬಿಜಾಗರಿ

ತೊಂಬತ್ತರ ದಶಕದ ದೋಹಾದಲ್ಲಿ ನನಗಿದ್ದದ್ದು ಟೈಪಿಸ್ಟ್ ಕೆಲಸ; ಆದರೆ ನಮ್ಮ ಬಿಲ್ಡಿಂಗಿನವರ ಪಾಲಿಗೆ ನಾನು ಹಗ್ಗ ಕಟ್ಟುವವ. ರಜೆಗೆ ಮಂಗಳೂರಿಗೆ ಹೊರಟ ಯಾರದೇ ಕಾರ್ಟನ್ ಇರಲಿ, ಹಳದಿ ನೈಲಾನ್ ಹಗ್ಗ ಬಿಗಿಯಲು ನನ್ನನ್ನೇ ಕರೆಯಬೇಕು. ಬೇರೆಯವರು ಕಟ್ಟಿದ್ದು ನನಗೆ ಹಿಡಿಸುತ್ತಲೇ ಇರಲಿಲ್ಲ.

ಒಂದು ಶುಕ್ರವಾರ ನಮ್ಮ ಸೊಮಾಲಿ ವಾಚ್‌ಮ್ಯಾನ್ ಕರೆದ. ಅವನ ದೇಶದಲ್ಲಿ ಅಂತರ್ಯುದ್ಧ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಗಡಿಯಾಚೆಯ ನಿರಾಶ್ರಿತರ ಶಿಬಿರದಲ್ಲಿದ್ದರು. ಯುದ್ಧ ಮುಗಿದಿರಲಿಲ್ಲ, ಆದರೂ ಅವನ ಊರಿನವರು ಒಬ್ಬೊಬ್ಬರಾಗಿ ಹಿಂದಿರುಗಿ, ಬಿದ್ದ ಗೋಡೆಗಳನ್ನು ಎಬ್ಬಿಸುತ್ತಿದ್ದರಂತೆ. ಇವನೂ ಕೆಲಸ ಬಿಟ್ಟು ಹೊರಟಿದ್ದ. ಮಕ್ಕಳನ್ನು ಟಾರ್ಪಾಲಿನಡಿಯಿಂದ ಸ್ವಂತ ಸೂರಿನಡಿಗೆ ತರಬೇಕು, ಅವನಿಗಿದ್ದದ್ದು ಅದೊಂದೇ ಹಟ.

ನಾನು ಅಭ್ಯಾಸಬಲದಿಂದ ಹಾಲಿನ ಪುಡಿ, ಸೋಪು, ಕಂಬಳಿ ಜೋಡಿಸಿದೆ. ಅವನು ಎಲ್ಲವನ್ನೂ ಹೊರಗಿಟ್ಟು ಬಾಗಿಲಿನ ಬಿಜಾಗರಿ, ಚಿಲಕ, ಮೊಳೆ, ಕರಣೆ ತುಂಬಿಸಿದ.

"ಎಂತ ಮಾರಾಯ, ಇವ ಗುಜರಿ ಅಂಗಡಿ ಇಡ್ಲಿಕ್ಕೆ ಹೋಗುದಾ?" ಎಂದು ನನ್ನ ರೂಮ್‌ಮೇಟ್ ನಕ್ಕ.

ಮಾರ್ಕರ್ ಹಿಡಿದು ಮನೆಯ ವಿಳಾಸ ಕೇಳಿದೆ.

"ಘರ್ ಮಾಫಿ," ಎಂದ. ಮನೆಯೇ ಇರಲಿಲ್ಲ. "ಅಭೀ ಬನಾಯೇಗಾ." ಇನ್ನು ಕಟ್ಟಬೇಕಿತ್ತು. ಊರಿನ ಹೆಸರಷ್ಟೇ ಬರೆದೆ.

ನಮ್ಮವರು ಊರು ಮುಟ್ಟಿದ ಕೂಡಲೇ ಹಗ್ಗವನ್ನು ಕಚಕ್ಕನೆ ಕೊಯ್ದುಬಿಡುತ್ತಾರೆ. ಇವನು ಕೊಯ್ಯುವಂತಿರಲಿಲ್ಲ, ಅಲ್ಲಿ ಹಗ್ಗವೂ ಸಿಗುವುದಿಲ್ಲವಂತೆ. ಹಾಗಾಗಿ ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಕಲಿಸಿಕೊಟ್ಟೆ. ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ನೋಡಿದ. ದೊಡ್ಡ ಮಗಳಿಗೂ ಕಲಿಸುತ್ತೇನೆ, ಅವಳ ಕೈ ಬಲು ಚುರುಕು ಎಂದ. ಅಷ್ಟರಲ್ಲಿ ಅವನನ್ನು ಏರ್‌ಪೋರ್ಟಿಗೆ ಬಿಡಲು ಬಂದಿದ್ದ ಹೆಂಡತಿಯ ಅಣ್ಣ ಕೆಳಗಿನಿಂದ "ಯಲ್ಲಾ!" ಎಂದು ಕೂಗಿ ಹೊರಡಲು ಅವಸರಪಡಿಸಿದ.

ಮರುವರ್ಷ ಆ ಅಣ್ಣನೇ ದೋಹಾದ ಹೊರವಲಯದ ಉಮ್ಮ್ ಸಲಾಲಿನ ಅಂಗಡಿಯೊಂದರ ಮುಂದೆ ಸಿಕ್ಕ. ಮನೆ ಆಯಿತಾ ಎಂದು ಕೇಳಿದೆ. ಆಗಿತ್ತಂತೆ. ಬಾಗಿಲೂ ಕೂರಿಸಿದ್ದರಂತೆ. ಹೆಂಡತಿ ಮಕ್ಕಳು ಬಂದು ಸೇರಿ, ಒಂದು ಮಳೆಗಾಲ ನೆಮ್ಮದಿಯಾಗಿ ಅದರೊಳಗೆ ಮಲಗಿದ್ದರಂತೆ. ಆಮೇಲೆ ಬಂದೂಕಿನವರು ಮತ್ತೆ ಬಂದರು. ತಾಯಿ ಮಕ್ಕಳು ಪುನಃ ಶಿಬಿರ ಸೇರಿದ್ದರು.

"ಅವನು?" ಎಂದೆ.

"ಖಲಾಸ್," ಎಂದು ನೆಲ ನೋಡಿದ.

ನನಗೆ ಸ್ವಂತದವರು ಹೋದಷ್ಟೇ ದುಃಖವಾಯಿತು. ಅಲ್ಲೇ ಬಿಸಿಲಲ್ಲಿ ನಿಂತು ಅತ್ತೆ.

ಓಡುವ ಮೊದಲು ದೊಡ್ಡ ಮಗಳು ಅರ್ಧ ಸುಟ್ಟ ಬಾಗಿಲಿನಿಂದ ಬಿಜಾಗರಿ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಹಳದಿ ಹಗ್ಗ ಬಿಗಿದು ಹೆಗಲಿಗೇರಿಸಿದಳಂತೆ. ಮತ್ತೆ ಮನೆ ಕಟ್ಟಬೇಕಲ್ಲ ಎಂದಳಂತೆ. ಗಂಟು ಅಪ್ಪ ಕಲಿಸಿದ್ದು. ಶಿಬಿರದಲ್ಲಿ ಅದನ್ನು ಬಿಚ್ಚಲು ಅವಳು ಯಾರಿಗೂ ಬಿಡುವುದಿಲ್ಲವಂತೆ.