ಕರೀ ಬಂಡೆಗೆ ದೃಷ್ಟಿಬೊಟ್ಟು

ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿಟ್ಟರೆ ಅದರ ಹೊಟ್ಟೆಗೆ ಮಸಿ ಹಿಡಿಯುತ್ತದೆ. ಕೆರೆದು ಬೆಣ್ಣೆಯಲ್ಲಿ ಮಿದ್ದರೆ ಕಾಡಿಗೆ. ನಮ್ಮನೆ ಎಳೆಕೂಸುಗಳಿಗೆಲ್ಲ ಅದರಿಂದ ದೃಷ್ಟಿಬೊಟ್ಟು ಇಟ್ಟವಳು ನಾನೇ. ನಾಕಕ್ಷರ ಬಿಟ್ಟರೆ ನನಗೆ ಬರುವ ವಿದ್ಯೆ ಅದೊಂದೇ ಅಂದುಕೊಳ್ಳಿ.

ಮಗಳು ರಾಜಿ ನರಸೀಪುರದಲ್ಲಿ ವಿಜ್ಞಾನದ ಮೇಡಂ. ಬಾಣಂತನಕ್ಕೆ ತಾಂಡವಪುರಕ್ಕೆ, ನಮ್ಮನೆಗೆ ಬಂದಳು. ಹೆಣ್ಣುಕೂಸು, ಗುಂಡುಗುಂಡಾಗಿದೆ, ನೆನೆದ ಎರೆಮಣ್ಣಿನ ಬಣ್ಣ. ನೋಡಲು ಬಂದ ಬೀಗಿತ್ತಿ ನನ್ನ ಬೆರಳ ತುದಿಯ ಕಾಡಿಗೆ ಕಂಡು, "ಯಾಕವ್ವ ಸುಮ್ನೆ ಬೆಣ್ಣೆ ದಂಡ ಮಾಡ್ತೀರಿ? ಇದ್ಕೆ ಇಟ್ರೆ ಕಂಡಾತಾ?" ಎಂದು ನಕ್ಕರು.

ರಾಜಿ ನಗಲಿಲ್ಲ. ಅವತ್ತಿನಿಂದ ಯಾರು ಬಂದರೂ ಕೂಸಿನ ಮುಖಕ್ಕೆ ಸೆರಗು ಎಳೆಯುತ್ತಾಳೆ. ಎಳೆಬಿಸಿಲೂ ಬೇಡವಂತೆ, ಕೋಣೆಯಲ್ಲೇ ಬೆಳೆಯಬೇಕಂತೆ. ಅಣಬೆಯೇನು ಅದು?

ಬಸುರಿಯಾಗಿದ್ದಾಗ ಇವಳೇ, ಪಾಠಕ್ಕೆಂದು ಇಟ್ಟುಕೊಂಡಿದ್ದ ಒಂದು ಬಂಡೆಯ ಚಿತ್ರವನ್ನು ಫೋನಿನಲ್ಲಿ ನನಗೆ ತೋರಿಸಿದ್ದಳು. ಮಂಗಳನಿಗೂ ಗುರುವಿಗೂ ನಡುವೆ ಬಂಡೆಗಳ ದೊಡ್ಡ ಬಳಗವೇ ಸೂರ್ಯನನ್ನು ಸುತ್ತುತ್ತದಂತೆ. ಅದರಲ್ಲಿ ಇದು ಭಾರೀ ದೊಡ್ಡದು, ಮೈಯೆಲ್ಲ ಇದ್ದಿಲು. ಬಿದ್ದ ಬೆಳಕನ್ನು ನುಂಗುವುದೇ ಹೆಚ್ಚು, ವಾಪಸು ಕೊಡುವುದು ಕಮ್ಮಿ. ಅದಕ್ಕೇ ಇದಕ್ಕಿಂತ ಚಿಕ್ಕವು ಮೊದಲು ಕಣ್ಣಿಗೆ ಬಿದ್ದು, ಇದು ತಡವಾಗಿ ಬಿತ್ತಂತೆ.

"ಇಷ್ಟು ದಪ್ಪ ಇರೋದು ಕಾಣ್ಲಿಲ್ವಾ?" ಅಂದಿದ್ದೆ.

"ನೋಡೋರು ಹೊಳಪು ಹುಡುಕ್ತಿದ್ರು ಕಣವ್ವ."

ಈಗ ಆ ಮಾತನ್ನು ಅವಳಿಗೇ ಹಿಂದಿರುಗಿಸಿದೆ. "ಮಕ್ಳಿಗೆ ಹೇಳೋ ಪಾಠ ನಿಂಗೆ ಬ್ಯಾಡ್ವೇನೆ? ಆ ಬಂಡೆಗೆ ಯಾರಾರ ಸೆರಗು ಮುಚ್ಚವ್ರಾ?"

ಆ ಬಂಡೆಯನ್ನು ನಾನು ಆಗಾಗ ನೆನೆಯುತ್ತೇನೆ, ನಗಬೇಡಿ. ಕಾಣಬೇಕು ಅನ್ನುವ ಆಸೆಯೂ ಅದಕ್ಕಿಲ್ಲ, ಕಾಣಲಿಲ್ಲವಲ್ಲ ಅನ್ನುವ ಕೊರಗೂ ಇಲ್ಲ. ಯಾರೂ ನೋಡದ ಕಾಲದಲ್ಲೂ ಅಷ್ಟೇ ದಪ್ಪಗೆ ತನ್ನ ದಾರಿ ಸುತ್ತುತ್ತಿತ್ತು. ಮನುಷ್ಯರ ಕೂಸಿಗೆ ಆ ಸವಲತ್ತಿಲ್ಲ. ಅದರ ಬಣ್ಣವನ್ನು ಅದಕ್ಕೆ ಹೇಳಿಕೊಡಲು ನೆಂಟರು ಸಾಲುಗಟ್ಟಿ ಬರುತ್ತಾರೆ.

ಮತ್ತೆ ಬೀಗಿತ್ತಿ ಬಂದಾಗ ಕೂಸು ಜಗುಲಿಯ ಬಿಸಿಲಲ್ಲಿತ್ತು. ರಾಜಿಯೇ ತಂದು ಮಲಗಿಸಿದ್ದಳು, ಮುಖಕ್ಕೆ ಸೆರಗಿಲ್ಲದೆ.

"ಬೊಟ್ಟು ಇಟ್ಟಿಲ್ವಾ?"

"ಕೆನ್ನೆ ಮ್ಯಾಲೇ ಐತೆ ಅತ್ತೆ, ಅತ್ರ ಬಂದು ನೋಡಿ," ಅಂದಳು ರಾಜಿ.

ಕನ್ನಡಕ ಏರಿಸಿಕೊಂಡು ಬಗ್ಗಿದರು, ಇನ್ನೂ ಬಗ್ಗಿದರು. ಕೂಸು ಗಬಕ್ಕನೆ ಅವರ ಮೂಗುಬೊಟ್ಟು ಹಿಡಿದು ಮುಖವನ್ನೇ ಕೆನ್ನೆಗೆ ಎಳೆದುಕೊಂಡಿತು.

"ಅಯ್ಯಯ್ಯೋ, ಬುಡೇ ನಮ್ಮವ್ವ!"

ರಾಜಿ ನಕ್ಕಳು, ಬಾಣಂತಿ ಹೊಟ್ಟೆ ಹಿಡಿದುಕೊಂಡು. ಬೆರಳು ಬಿಡಿಸಿದ್ದು ನಾನು. ಬೀಗಿತ್ತಿಯ ಬೆಳ್ಳನೆ ಮೂಗಿನ ತುದಿಗೆ ನನ್ನ ತಟ್ಟೆಯ ಮಸಿ ಹತ್ತಿತ್ತು. ಚೆನ್ನಾಗಿ ಕಾಣುತ್ತಿತ್ತು.